ಜಗಳಕ್ಕೂ ಒಬ್ಬ ದೇವರು ಬೇಕು

‘ತಡೆದುಕೊಳ್ಳುವ ಶಕ್ತಿ ಇದ್ದವರಿಗೇ ದೇವರು ಕಷ್ಟ ಕೊಡೋದು’ ಎಂಬ ಮಾತು ಈಗ ಎಲ್ಲೆಲ್ಲೂ ಕೇಳಿಸುತ್ತದೆ. ಸಾವಿನ ಮನೆಯ ಅಂಗಳದಲ್ಲಿ, ಆಸ್ಪತ್ರೆಯ ಐಸಿಯು ಹೊರಗಿನ ಕುರ್ಚಿಗಳ ಸಾಲಿನಲ್ಲಿ, ಬೆಳಗಿನ ವಾಟ್ಸಾಪಿನಲ್ಲಿ ಸೂರ್ಯೋದಯದ ಚಿತ್ರದ ಕೆಳಗೆ. ಹೇಳುವವರ ಮನಸ್ಸು ಕೆಟ್ಟದ್ದೇನಲ್ಲ. ಏನಾದರೂ ಹೇಳಲೇಬೇಕಲ್ಲ ಎಂಬ ಸಂಕಟದಲ್ಲಿ ಬಾಯಿಗೆ ಬಂದುಬಿಡುವ ಮಾತು ಅದು. ಆದರೂ ಕೊಂಚ ಬಿಡಿಸಿ ನೋಡಿದರೆ ಇದಕ್ಕಿಂತ ನಿರ್ದಯವಾದ ತರ್ಕ ಸಿಗುವುದು ಕಷ್ಟ. ಸಾಲ ತೀರಿಸಲಾಗದೆ ಹೊಲದಲ್ಲೇ ಕ್ರಿಮಿನಾಶಕ ಕುಡಿದ ರೈತ ತಡೆದುಕೊಳ್ಳಲಿಲ್ಲ. ಹಾಗಾದರೆ ದೇವರ ಅಂದಾಜು ತಪ್ಪಿತೇ? ಮಗುವನ್ನು ಕಳೆದುಕೊಂಡ ತಾಯಿ ಇನ್ನಷ್ಟು ದುರ್ಬಲಳಾಗಿದ್ದರೆ ಮಗು ಬದುಕಿಬಿಡುತ್ತಿತ್ತೇ? ನೊಂದವನ ಮೇಲೆ ಒಂದು ಪರೀಕ್ಷೆ ಹೇರಿ, ಅದರಲ್ಲಿ ಫೇಲಾಗುವ ಹಕ್ಕನ್ನೂ ಕಿತ್ತುಕೊಳ್ಳುವ ಮಾತಿದು. ಕಷ್ಟಕಾಲದಲ್ಲಿ ದೈವನಂಬಿಕೆ ಮನುಷ್ಯನನ್ನು ಮತ್ತೆ ಚಿಗುರಿಸಬಲ್ಲದು ಎಂಬುದನ್ನು ನಾನು ಅಲ್ಲಗಳೆಯುತ್ತಿಲ್ಲ. ಅದಕ್ಕೆ ಸಾಕ್ಷಿ ಬೇಕಾದಷ್ಟಿದೆ. ನನ್ನ ತಕರಾರು ಇರುವುದು ಅದು ಹೇಗೆ ಚಿಗುರಿಸುತ್ತದೆ ಎಂಬ ಬಗ್ಗೆ. ಕಷ್ಟಕ್ಕೆ ಕಾರಣ ಹೇಳಿ ಅಲ್ಲ, ಸಹಿಸಿಕೋ ಎಂದು ಬೆನ್ನು ತಟ್ಟಿಯೂ ಅಲ್ಲ. ದೂರು ಹೇಳಿಕೊಳ್ಳಲು ಜಾಗ ಕೊಟ್ಟು, ಆ ದೂರನ್ನು ಕೇಳುವವರೊಬ್ಬರು ಇದ್ದಾರೆ ಎಂಬ ಭರವಸೆ ಉಳಿಸಿ. ದೂರುವುದನ್ನೇ ಪಾಪವೆಂದ ಭಕ್ತಿ ನೊಂದವರ ಬಾಯಿ ಮುಚ್ಚಿಸಿದ್ದುಂಟು, ಅವರನ್ನು ಎಬ್ಬಿಸಿ ನಿಲ್ಲಿಸಿದ್ದಿಲ್ಲ.

ಕಷ್ಟವೇ ಗುರು, ಕಷ್ಟ ಬಂದರೇ ದೇವರ ನೆನಪು ಎಂಬ ಇನ್ನೊಂದು ನಂಬಿಕೆ ನಮ್ಮಲ್ಲಿ ಬಲವಾಗಿದೆ. ಅದಕ್ಕೆ ನಮ್ಮ ಹರಿದಾಸರ ಕಥೆಗಳೇ ಆಧಾರ. ಯುದ್ಧದಲ್ಲಿ ಸೋತು ನೆಲಕ್ಕೆ ಬಿದ್ದ ಡಣಾಯಕ ಕನಕದಾಸರಾದರು. ಹೊಟ್ಟೆನೋವಿನಿಂದ ನರಳಿದ ಪಂಡಿತ ಜಗನ್ನಾಥದಾಸರಾದರು. ಈ ಕಥೆಗಳ ಸೊಗಸನ್ನು ಯಾರೂ ಅಲ್ಲಗಳೆಯಲಾರರು. ಆದರೆ ಇವು ನಮಗೆ ತಲುಪಿರುವುದು ಎದ್ದು ನಿಂತವರು ಹಾಡಿದ್ದರಿಂದ. ಬಿದ್ದಲ್ಲೇ ಉಳಿದವರು ಯಾವ ಕೀರ್ತನೆಯನ್ನೂ ಬರೆಯಲಿಲ್ಲ. 1876ರಿಂದ 78ರವರೆಗಿನ ಬರದಲ್ಲಿ ಮೈಸೂರು ಸಂಸ್ಥಾನ ಎಷ್ಟು ಬರಿದಾಯಿತೆಂದರೆ, 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಜನಸಂಖ್ಯೆ 1881ರಲ್ಲಿ 42 ಲಕ್ಷದ ಆಸುಪಾಸಿಗೆ ಇಳಿದಿತ್ತು. ದಾರಿಬದಿಯಲ್ಲಿ, ಗಂಜಿಕೇಂದ್ರಗಳ ಬಾಗಿಲಲ್ಲಿ ಸತ್ತ ಆ ಜನರಿಗೆ ಕಷ್ಟ ಯಾವ ಪಾಠ ಕಲಿಸಿತು? ಕಷ್ಟ ಬಹುಪಾಲು ಜನರನ್ನು ಕುಗ್ಗಿಸುತ್ತದೆ, ಸಣ್ಣಬುದ್ಧಿಗೆ ಇಳಿಸುತ್ತದೆ, ಪಕ್ಕದವನ ತಟ್ಟೆಯ ಮೇಲೆ ಕಣ್ಣು ಹಾಕಿಸುತ್ತದೆ. ಕಷ್ಟದಲ್ಲಿ ತಾನಾಗಿ ಯಾವ ಪಾವಿತ್ರ್ಯವೂ ಇಲ್ಲ. ಕನಕರನ್ನು ಕನಕರನ್ನಾಗಿ ಮಾಡಿದ್ದು ಸೋಲೇ ಆಗಿದ್ದರೆ, ಸೋತ ಸೈನ್ಯದ ಪ್ರತಿ ಸಿಪಾಯಿಯೂ ದಾಸನಾಗಬೇಕಿತ್ತು. ಹಾಗಾಗಿ ಪ್ರಶ್ನೆಯನ್ನು ಕಷ್ಟದ ಕಡೆಯಿಂದ ಕೇಳುವುದು ಬಿಟ್ಟು ನಂಬಿಕೆಯ ಕಡೆಯಿಂದ ಕೇಳಬೇಕು: ಎಂಥ ನಂಬಿಕೆ ನೊಂದವನ ಕೈ ಹಿಡಿಯುತ್ತದೆ, ಎಂಥದು ಕೈ ಬಿಡುತ್ತದೆ?

ಬೈಬಲ್ಲಿನ ಯೋಬನ ಹೆಸರು ಈ ಚರ್ಚೆಯಲ್ಲಿ ಬಂದೇ ಬರುತ್ತದೆ. ಹೆಸರು ಹೇಳುವವರು ಬಹಳ, ಪೂರ್ತಿ ಓದಿದವರು ಕಡಿಮೆ. ಯೋಬನೆಂದರೆ ತಾಳ್ಮೆಯ ಮೂರ್ತಿ ಎಂಬ ಖ್ಯಾತಿ ಹೊಸ ಒಡಂಬಡಿಕೆಯ ಯಾಕೋಬನ ಪತ್ರದಿಂದ ಹಬ್ಬಿದ್ದು. ಮೂಲದ 42 ಅಧ್ಯಾಯಗಳಲ್ಲಿ ಮೊದಲ ಎರಡನ್ನು ದಾಟಿದ ಮೇಲೆ ಆತನಲ್ಲಿ ತಾಳ್ಮೆಯನ್ನು ದುರ್ಬೀನು ಹಾಕಿ ಹುಡುಕಬೇಕು. ಏಳು ಗಂಡು, ಮೂರು ಹೆಣ್ಣು ಮಕ್ಕಳ ತಂದೆ. ಏಳು ಸಾವಿರ ಕುರಿ, ಮೂರು ಸಾವಿರ ಒಂಟೆಗಳ ಒಡೆಯ. ಒಂದೇ ದಿನದಲ್ಲಿ ಎಲ್ಲವೂ ಹೋಗುತ್ತದೆ. ಬಿರುಗಾಳಿಗೆ ಮನೆ ಕುಸಿದು ಹತ್ತೂ ಮಕ್ಕಳು ಸಾಯುತ್ತಾರೆ. ಆಮೇಲೆ ಅಂಗಾಲಿನಿಂದ ನೆತ್ತಿಯವರೆಗೆ ಹುಣ್ಣು. ಬೂದಿಯಲ್ಲಿ ಕುಳಿತು ಮಡಕೆಯ ಚೂರಿನಿಂದ ಮೈ ಕೆರೆದುಕೊಳ್ಳುತ್ತಿರುವ ಈ ಮನುಷ್ಯನನ್ನು ಕಾಣಲು ಎಲೀಫಜ, ಬಿಲ್ದದ, ಚೋಫರ ಎಂಬ ಮೂವರು ಗೆಳೆಯರು ಬರುತ್ತಾರೆ. ದೂರದಿಂದ ನೋಡಿದಾಗ ಅವರಿಗೆ ಗುರುತೇ ಸಿಗುವುದಿಲ್ಲ. ಬಟ್ಟೆ ಹರಿದುಕೊಂಡು ಅತ್ತು, ಅವನ ಜೊತೆ ನೆಲದ ಮೇಲೆ ಏಳು ಹಗಲು ಏಳು ರಾತ್ರಿ ಒಂದೂ ಮಾತಾಡದೆ ಕೂರುತ್ತಾರೆ. ಅಲ್ಲಿಯವರೆಗೆ ಅವರು ನಿಜವಾದ ಗೆಳೆಯರೇ. ಯೋಬ ಬಾಯಿಬಿಟ್ಟು, ತಾನು ಹುಟ್ಟಿದ ದಿನಕ್ಕೇ ಶಾಪ ಹಾಕಿದಾಗ ಅವರ ಸಹನೆ ತೀರುತ್ತದೆ. ದೇವರು ಅನ್ಯಾಯ ಮಾಡುವವನಲ್ಲ, ನೀನು ಏನೋ ತಪ್ಪು ಮಾಡಿರಬೇಕು, ಒಪ್ಪಿಕೋ ಎಂದು ಮೂವರೂ ಸರದಿಯಂತೆ ವಾದಿಸುತ್ತಾರೆ. ಅವರ ಮಾತುಗಳೆಲ್ಲ ಧರ್ಮಶಾಸ್ತ್ರದ ಪ್ರಕಾರ ಸರಿಯಾಗಿಯೇ ಇವೆ; ಅಂಥ ಮಾತುಗಳನ್ನು ಇಂದು ಯಾವ ಧರ್ಮದ ವೇದಿಕೆಯಲ್ಲಿ ಹೇಳಿದರೂ ಚಪ್ಪಾಳೆ ಬೀಳುತ್ತದೆ. ಯೋಬ ಜಗ್ಗುವುದಿಲ್ಲ. ನಾನು ತಪ್ಪು ಮಾಡಿಲ್ಲ, ದೇವರೇ ಬಂದು ಲೆಕ್ಕ ಒಪ್ಪಿಸಲಿ ಎಂದು ಪಟ್ಟು ಹಿಡಿಯುತ್ತಾನೆ.

ಕೊನೆಗೆ ದೇವರು ಬಿರುಗಾಳಿಯೊಳಗಿಂದ ಮಾತಾಡುತ್ತಾನೆ. ಕೇಳಿದ ಪ್ರಶ್ನೆಗೆ ಮಾತ್ರ ಉತ್ತರವಿಲ್ಲ! ಭೂಮಿಯ ತಳಪಾಯ, ಸಮುದ್ರದ ಬಾಗಿಲು, ಕಾಡುಕತ್ತೆ, ಉಷ್ಟ್ರಪಕ್ಷಿ, ಮೊಸಳೆಯಂಥ ಮಹಾಜಂತು ಎಂದು ಸೃಷ್ಟಿಯ ಮೆರವಣಿಗೆಯನ್ನೇ ನಡೆಸುತ್ತಾನೆ. ಓದುಗರಿಗೆ ಮೊದಲ ಅಧ್ಯಾಯದಲ್ಲೇ ಗೊತ್ತಾಗಿರುವ ಕಾರಣ, ಅಂದರೆ ಸೈತಾನನೊಂದಿಗೆ ನಡೆದ ಪಂಥದ ಸುದ್ದಿ, ಯೋಬನ ಕಿವಿಗೆ ಕೊನೆಯವರೆಗೂ ಬೀಳುವುದೇ ಇಲ್ಲ. ಈ ಗ್ರಂಥದ ಅನಾಮಿಕ ಕವಿಯ ಜಾಣತನಕ್ಕೆ ತಲೆದೂಗಬೇಕು. ಕಾರಣ ಇದೆ, ಆದರೆ ಹೇಳಿ ಪ್ರಯೋಜನವಿಲ್ಲ. ಒಂದು ಪಂಥಕ್ಕಾಗಿ ನಿನ್ನ ಹತ್ತು ಮಕ್ಕಳು ಹೋದರು ಎಂದರೆ ಯಾವ ತಂದೆಗೆ ಸಮಾಧಾನವಾದೀತು? ಆದರೆ ಉತ್ತರ ಕೊಡದ ಅದೇ ದೇವರು ಕೊನೆಯ ಅಧ್ಯಾಯದಲ್ಲಿ ಎಲೀಫಜನ ಕಡೆ ತಿರುಗಿ ಸಿಟ್ಟಾಗುತ್ತಾನೆ: ನನ್ನ ಬಗ್ಗೆ ಸರಿಯಾಗಿ ಮಾತಾಡಿದವನು ಯೋಬ, ನೀವಲ್ಲ. ಏಳು ಹೋರಿ, ಏಳು ಟಗರು ತಂದು ಬಲಿಯರ್ಪಿಸಿ, ಯೋಬ ನಿಮಗಾಗಿ ಬೇಡಿಕೊಂಡರೆ ಕ್ಷಮಿಸುತ್ತೇನೆ. ದೇವರ ಪರವಾಗಿ ವಕಾಲತ್ತು ವಹಿಸಿದವರಿಗೆ ದಂಡ, ದೇವರ ಮೇಲೆ ದಾವೆ ಹೂಡಿದವನಿಗೆ ಮರ್ಯಾದೆ. ನಡುವೆ ಎಲೀಹು ಎಂಬ ಇನ್ನೊಬ್ಬ ಯುವಕ ಎದ್ದುನಿಂತು ಆರು ಅಧ್ಯಾಯದಷ್ಟು ಭಾಷಣ ಬಿಗಿಯುತ್ತಾನೆ. ದೇವರು ಅವನಿಗೆ ಒಂದು ಮಾತಿನ ಉತ್ತರವನ್ನೂ ಕೊಡುವುದಿಲ್ಲ. ಟಿಕೆಟ್ ಇಟ್ಟು ‘ಪಾಸಿಟಿವ್ ಆಗಿರಿ’ ಎಂದು ಉಪದೇಶಿಸುವ ಇಂದಿನ ಸ್ಫೂರ್ತಿವೀರರ ಬಗ್ಗೆಯೂ ಅಷ್ಟೇ ಸಾಕು.

ಕಷ್ಟಕ್ಕೆ ಕಾರಣ ಹುಡುಕುವ ಹಂಬಲವನ್ನು ಹಗುರಾಗಿ ತಳ್ಳಿಹಾಕಲಾಗದು ನಿಜ. ನಮ್ಮ ಕರ್ಮಸಿದ್ಧಾಂತ ಅಂಥ ಹಂಬಲದಿಂದಲೇ ಬೆಳೆದದ್ದು. ಜಗತ್ತು ಕುರುಡು ಲಾಟರಿಯಲ್ಲ, ಎಲ್ಲೋ ಒಂದು ಲೆಕ್ಕವಿದೆ ಎಂಬ ಅರಿವಿನಿಂದ ತನ್ನ ನೋವನ್ನು ಹೊತ್ತು ನಡೆದವರು ಲಕ್ಷಾಂತರ. ‘ನನ್ನ ಪ್ರಾರಬ್ಧ, ಅನುಭವಿಸಿ ತೀರಿಸುತ್ತೇನೆ’ ಎನ್ನುವವನ ಎದುರು ವಾದ ಹೂಡಲು ನನಗೆ ಅಧಿಕಾರವಿಲ್ಲ. ತೊಂದರೆ ಶುರುವಾಗುವುದು ಅದೇ ಮಾತನ್ನು ಇನ್ನೊಬ್ಬನ ಕಡೆ ಬೆರಳು ತೋರಿಸಿ ಹೇಳಿದಾಗ. ಆಗ ಸಾಂತ್ವನ ತೀರ್ಪಾಗುತ್ತದೆ. ದೊಡ್ಡವರೂ ಇಲ್ಲಿ ಎಡವಿದ್ದಾರೆ. 1934ರ ಜನವರಿ 15ರಂದು ಬಿಹಾರ ಮತ್ತು ನೇಪಾಳದಲ್ಲಿ ಭೂಮಿ ನಡುಗಿ ಮುಂಗೇರ್, ಮುಜಫ್ಫರಪುರ ನೆಲಸಮವಾದವು; ಸತ್ತವರು ಹತ್ತು ಸಾವಿರಕ್ಕೂ ಹೆಚ್ಚು. ಆಗ ದಕ್ಷಿಣದಲ್ಲಿ ಹರಿಜನ ಯಾತ್ರೆಯಲ್ಲಿದ್ದ ಗಾಂಧೀಜಿ, ಇದು ಅಸ್ಪೃಶ್ಯತೆಯ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ ಎಂದು ತಿರುನೆಲ್ವೇಲಿಯಲ್ಲಿ ಸಾರಿದರು. ರವೀಂದ್ರನಾಥ ಟ್ಯಾಗೋರರಿಗೆ ದಿಗಿಲಾಯಿತು. ಭೂಕಂಪಕ್ಕೆ ಭೌತಿಕ ಕಾರಣಗಳಿರುತ್ತವೆ, ಅದನ್ನು ನೀತಿಗೆ ಗಂಟು ಹಾಕುವುದು ಅವಿವೇಕ ಎಂದು ಅವರು ಬರೆದ ಪ್ರತಿಭಟನೆಯನ್ನು ಗಾಂಧೀಜಿ ತಮ್ಮ ‘ಹರಿಜನ’ ಪತ್ರಿಕೆಯಲ್ಲೇ ಅಚ್ಚು ಹಾಕಿಸಿದರು. ಅದು ಅವರ ದೊಡ್ಡತನ. ಆದರೆ ಆ ಕಟ್ಟಡಗಳಡಿ ಸತ್ತವರಲ್ಲಿ ಅಸ್ಪೃಶ್ಯರೂ ಇದ್ದಿರಲೇಬೇಕು ಎಂಬ ಸರಳ ಸತ್ಯ ಅವರ ಮಾತನ್ನು ಉರುಳಿಸಿಬಿಡುತ್ತದೆ. ಗಾಂಧೀಜಿ ತಮ್ಮನ್ನೂ ಪಾಪಿಗಳ ಸಾಲಿನಲ್ಲಿ ನಿಲ್ಲಿಸಿಕೊಂಡೇ ಆಡಿದ ಮಾತದು, ಸವರ್ಣರ ಆತ್ಮಸಾಕ್ಷಿಯನ್ನು ಚುಚ್ಚಲು ಆಡಿದ್ದು ಎಂಬ ಸಮರ್ಥನೆ ಉಂಟು, ಅದರಲ್ಲಿ ಹುರುಳೂ ಉಂಟು. ಆದರೂ ಅವಶೇಷದ ಕೆಳಗೆ ಮಗುವಿನ ಕೈ ಹುಡುಕುತ್ತಿದ್ದ ತಾಯಿಗೆ ಅದು ಕೇಳಿಸಿದ್ದು ಎಲೀಫಜನ ದನಿಯಲ್ಲೇ.

ಯೋಬ ನಿರಪರಾಧಿ, ಅದಕ್ಕೇ ಅವನ ದೂರು ನಮಗೆ ಒಪ್ಪಿಗೆಯಾಗುತ್ತದೆ. ತಪ್ಪು ಮಾಡಿದವನೂ ದೂರಬಹುದೇ? ನಮ್ಮ ಶೈವ ಪರಂಪರೆ ‘ಧಾರಾಳವಾಗಿ’ ಎನ್ನುತ್ತದೆ. ಹರಿಹರ ರಗಳೆ ಬರೆದು ಕನ್ನಡಿಗರಿಗೆ ಹತ್ತಿರವಾಗಿಸಿದ ನಂಬಿಯಣ್ಣ, ತಮಿಳರ ಸುಂದರಮೂರ್ತಿ ನಾಯನಾರ್, ಶಿವನನ್ನು ಗೆಳೆಯನಂತೆ ನಡೆಸಿಕೊಂಡವನು. ತಮಿಳಿನ ಪೆರಿಯಪುರಾಣದಲ್ಲಿ ಅವನ ಒಂದು ಫಜೀತಿ ಬರುತ್ತದೆ. ತಿರುವಾರೂರಿನಲ್ಲಿ ಪರವೆ ಎಂಬ ಹೆಂಡತಿ ಇರುವಾಗಲೇ ತಿರುವೊಟ್ರಿಯೂರಿನಲ್ಲಿ ಸಂಕಿಲಿಯ ಮೇಲೆ ಮನಸ್ಸಾಯಿತು. ಬಿಟ್ಟುಹೋಗುವುದಿಲ್ಲವೆಂದು ಆಣೆ ಇಡಬೇಕೆಂದು ಅವಳ ಷರತ್ತು. ಗುಡಿಯಲ್ಲಿ ಆಣೆ ಇಡುವ ಹೊತ್ತಿಗೆ ನೀನು ಹೊರಗಿನ ಬಕುಳದ ಮರದಡಿ ಹೋಗಿ ಕೂತುಬಿಡು, ಆಣೆ ತಟ್ಟುವುದು ಬೇಡ ಎಂದು ಈ ಮಹಾಭಕ್ತ ಶಿವನ ಜೊತೆ ಒಳಸಂಚು ಮಾಡಿದ. ಶಿವನೇನು ಕಡಿಮೆ? ಆಣೆಯನ್ನು ಮರದಡಿಯಲ್ಲೇ ಇಡಿಸಿಕೋ ಎಂದು ಸಂಕಿಲಿಯ ಕನಸಿನಲ್ಲಿ ಹೇಳಿಬಿಟ್ಟ. ಕೆಲಕಾಲದ ಮೇಲೆ ನಂಬಿಯಣ್ಣ ಆಣೆ ಮುರಿದು ಊರು ಬಿಡುತ್ತಲೇ ಎರಡೂ ಕಣ್ಣು ಹೋದವು. ತಪ್ಪು ಯಾರದೆಂಬುದರಲ್ಲಿ ಅನುಮಾನವೇ ಇಲ್ಲ. ಆದರೂ ಅವನು ಊರಿಂದ ಊರಿಗೆ, ಗುಡಿಯಿಂದ ಗುಡಿಗೆ ತಡವರಿಸಿಕೊಂಡು ಹೋಗುತ್ತ ಶಿವನನ್ನು ಬಾಯಿಗೆ ಬಂದಂತೆ ಬಯ್ದ, ಬೇಡಿದ, ಹಂಗಿಸಿದ. ಒಂದು ಊರಿನಲ್ಲಿ ಶಿವ ಕೊಟ್ಟದ್ದು ಊರುಗೋಲು ಮಾತ್ರ. ಕಂಚಿಯಲ್ಲಿ ಒಂದು ಕಣ್ಣು ಬಂತು, ಇನ್ನೊಂದಕ್ಕೆ ತಿರುವಾರೂರಿನವರೆಗೆ ಕಾಯಬೇಕಾಯಿತು. ಅಲ್ಲಿ ಸಿಟ್ಟಾಗಿ ಬಾಗಿಲು ಹಾಕಿಕೊಂಡಿದ್ದ ಪರವೆಯನ್ನು ಒಲಿಸಲು ಸಾಕ್ಷಾತ್ ಶಿವನೇ ನಡುರಾತ್ರಿ ಎರಡು ಸಲ ಬೀದಿಯಲ್ಲಿ ಓಡಾಡಿದ. ಈ ಕಥೆಯಲ್ಲಿ ನೀತಿ ಹುಡುಕುವ ಸಭ್ಯರು ತಬ್ಬಿಬ್ಬಾಗುತ್ತಾರೆ. ಇಲ್ಲಿ ಶಿಕ್ಷೆ ಇದೆ, ಆದರೆ ಸಂಬಂಧ ಕಡಿಯುವುದಿಲ್ಲ. ಬಯ್ಗುಳವೇ ಸಂಬಂಧ ಜೀವಂತವಾಗಿದೆ ಎಂಬುದಕ್ಕೆ ಗುರುತು. ಕಣ್ಣು ಒಂದೊಂದಾಗಿ, ಕಂತಿನಲ್ಲಿ ಬಂದದ್ದೂ ಎಷ್ಟು ನಿಜ! ಕುಸಿದ ಮನುಷ್ಯ ಚೇತರಿಸಿಕೊಳ್ಳುವುದು ಹಾಗೆಯೇ, ಮೊದಲು ಊರುಗೋಲು, ಆಮೇಲೆ ಅರ್ಧ ಬೆಳಕು.

ಕನ್ನಡದ ಭಕ್ತಿಸಾಹಿತ್ಯದಲ್ಲಿ ಈ ದಾರಿ ಸವೆದದ್ದೇ. ವಚನಕಾರರು ತಮ್ಮ ಅಂಕಿತದ ದೇವರನ್ನು ಎದುರು ಕೂರಿಸಿಕೊಂಡು ನೀನೇಕೆ ಹೀಗೆ ಕಾಡುತ್ತೀಯೆ ಎಂದು ಕೇಳುತ್ತಾರೆ. ಪುರಂದರದಾಸರು ದೇವರನ್ನು ಕಳ್ಳನೆನ್ನುತ್ತಾರೆ, ಜುಗ್ಗನೆನ್ನುತ್ತಾರೆ. ಇದನ್ನೆಲ್ಲ ನಿಂದಾಸ್ತುತಿ ಎಂಬ ಅಲಂಕಾರದ ಪೆಟ್ಟಿಗೆಗೆ ಹಾಕಿ, ಬೈದಂತೆ ಕಂಡರೂ ಅದು ಹೊಗಳಿಕೆಯೇ ಎಂದು ಸಮಾಧಾನ ಮಾಡಿಕೊಳ್ಳುವ ವಿದ್ವಾಂಸರಿದ್ದಾರೆ. ಕೆಲವು ಹಾಡುಗಳ ಮಟ್ಟಿಗೆ ಅದು ಸರಿ. ಆದರೆ ಎಲ್ಲವನ್ನೂ ಹಾಗೆ ಪಳಗಿಸಿದರೆ ಹಾಡಿನ ಕಿಚ್ಚು ಆರುತ್ತದೆ. ಜನಪದರಿಗೆ ಅಂಥ ಅಲಂಕಾರಶಾಸ್ತ್ರದ ನೆಪವೂ ಬೇಕಿಲ್ಲ. ಮಳೆ ಕೈಕೊಟ್ಟ ವರ್ಷ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಗುರ್ಜಿ ಆಡುತ್ತಾರೆ. ರೊಟ್ಟಿ ಸುಡುವ ಹಂಚಿನ ಮೇಲೆ ಸಗಣಿಯ ಗುರ್ಜಿ ಮಾಡಿ, ಗರಿಕೆ ಸಿಕ್ಕಿಸಿ, ಅದನ್ನು ತಲೆಯ ಮೇಲೆ ಹೊತ್ತು ಮನೆಮನೆಗೆ ಹೋಗುತ್ತಾರೆ. ಮನೆಯವರು ಕೊಡದಿಂದ ನೀರು ಸುರಿಯುತ್ತಿದ್ದಂತೆ ಹೊತ್ತವರು ಗಿರಗಿರನೆ ತಿರುಗುತ್ತಾರೆ. ಮಳೆರಾಯನ ಜೊತೆ ಚೌಕಾಸಿ, ಆಸೆ ತೋರಿಸುವುದು, ಗದರುವುದು ಎಲ್ಲ ಆ ಹಾಡುಗಳಲ್ಲಿ ಉಂಟು. ಕೂಡಿಸಿದ ಜೋಳ, ಹಿಟ್ಟಿನಿಂದ ಅಡುಗೆ ಮಾಡಿ ಎಲ್ಲರೂ ಉಣ್ಣುತ್ತಾರೆ. ಇನ್ನು ಕೆಲವು ಊರುಗಳಲ್ಲಿ ಗರ್ಭಗುಡಿಯ ಬಾಗಿಲಿಗೆ ಅಡ್ಡ ಕಟ್ಟಿ ಶಿವಲಿಂಗ ಮುಳುಗುವಷ್ಟು ನೀರು ತುಂಬಿಸುತ್ತಾರೆ. ದೇವರಿಗೂ ಉಸಿರುಗಟ್ಟಲಿ, ಆಗ ಗೊತ್ತಾಗುತ್ತದೆ ಎಂದು ನಗುತ್ತಲೇ ಹೇಳುವವರಿದ್ದಾರೆ. ಮಳೆ ಬರುತ್ತದೋ ಇಲ್ಲವೋ ಅದು ಮಾರುತಗಳಿಗೆ ಬಿಟ್ಟ ವಿಷಯ. ಆದರೆ ಒಬ್ಬೊಬ್ಬರೇ ಆಕಾಶ ನೋಡುತ್ತ ಮನೆಯಲ್ಲಿ ಕೂತಿದ್ದ ಜನ ಬೀದಿಗೆ ಬಂದು, ನೀರು ಸೇದಿ, ಹಾಡಿ, ಕೂಡಿ ಉಂಡರಲ್ಲ, ಅಷ್ಟು ಮಾತ್ರ ನಡೆದೇ ನಡೆದ ಸಂಗತಿ.

ದುಃಖಕ್ಕೆ ಕೂಟ ಬೇಕು ಎಂಬುದನ್ನು ನಮ್ಮ ನಾಡಿನಲ್ಲಿ ಮೊಹರಂನಷ್ಟು ಚೆನ್ನಾಗಿ ಬೇರಾವ ಆಚರಣೆಯೂ ತೋರಿಸುವುದಿಲ್ಲ. ಕ್ರಿ.ಶ. 680ರಲ್ಲಿ ಕರ್ಬಲಾದ ಬಯಲಿನಲ್ಲಿ ಯೂಫ್ರೆಟಿಸ್ ನದಿಯ ನೀರನ್ನು ತಡೆಹಿಡಿದು, ಪ್ರವಾದಿಯವರ ಮೊಮ್ಮಗ ಹುಸೇನರನ್ನೂ ಅವರ ಬಳಗವನ್ನೂ ಕೊಂದ ಕಥೆ ರಾಯಚೂರು ಜಿಲ್ಲೆಯ ಮುದಗಲ್ಲಿಗೆ ಬಂದು ಕನ್ನಡದ ರಿವಾಯತ್ ಪದಗಳಾಗಿದೆ. ಒಂದೂ ಮುಸ್ಲಿಂ ಮನೆಯಿಲ್ಲದ ಹಳ್ಳಿಗಳಲ್ಲೂ ಅಲಾಯಿ ದೇವರು ಕೂರುತ್ತವೆ. ರಹಮತ್ ತರೀಕೆರೆಯವರಂಥ ಸಂಶೋಧಕರು ಇದರ ಹರವನ್ನು ವಿವರವಾಗಿ ದಾಖಲಿಸಿದ್ದಾರೆ. ಮಸೀದಿ ಮುಂದೆ ಅಲಾಯಿ ಕುಣಿ ತೋಡಿ ಬೆಂಕಿ ಹಾಕುತ್ತಾರೆ, ಸುತ್ತ ಹೆಜ್ಜೆ ಹಾಕುತ್ತಾರೆ, ಹರಕೆ ಹೊತ್ತವರು ಫಕೀರರಾಗುತ್ತಾರೆ, ಸಕ್ಕರೆ ಓದಿಸುತ್ತಾರೆ. ಕತಲ್ ರಾತ್ರಿ ಪಂಜಾಗಳು ಹೊರಡುವಾಗ ಪದ ಹೇಳುವವನ ದನಿಯಲ್ಲಿ ಹಾಲುಗೂಸಿನ ಬಾಯಾರಿಕೆಯ ಪ್ರಸಂಗ ಬಂದರೆ ಸುತ್ತ ನಿಂತ ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾರೆ. ಆ ಕಣ್ಣೀರು ಕರ್ಬಲಾದ್ದೆಷ್ಟು, ಅವರವರ ಮನೆಯದೆಷ್ಟು ಎಂದು ಬೇರ್ಪಡಿಸಿ ತೂಗುವ ತಕ್ಕಡಿ ಯಾರ ಬಳಿಯೂ ಇಲ್ಲ, ಬೇಕಾಗಿಯೂ ಇಲ್ಲ. ಸತ್ತ ತನ್ನ ಕೂಸಿಗಾಗಿ ವರ್ಷದ ಮೇಲೂ ಅಳುತ್ತ ಕೂತರೆ ಊರಿನವರು ‘ಎಷ್ಟಂತ ಅಳ್ತಿ ಬಿಡವಾ’ ಎನ್ನುತ್ತಾರೆ. ಮೊಹರಂ ಹಾಗೆನ್ನುವುದಿಲ್ಲ. ಹದಿಮೂರು ಶತಮಾನ ಹಳೆಯ ಸಾವಿಗೇ ಪ್ರತಿವರ್ಷ ಅಳಬಹುದಾದರೆ ನಿನ್ನೆಯದಕ್ಕೆ ಅಳಲು ಯಾವ ಸಂಕೋಚ?

ನನ್ನ ವಾದಕ್ಕೆ ಎದುರಾಗಿ ಒಂದು ಗಟ್ಟಿ ಪುರಾವೆ ಇದೆ. ಅದನ್ನು ಮುಚ್ಚಿಡುವುದು ಸರಿಯಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಕೆನೆತ್ ಪಾರ್ಗಮೆಂಟ್ ಮತ್ತು ಸಂಗಡಿಗರು 55 ವರ್ಷ ದಾಟಿದ 596 ಮಂದಿ ಆಸ್ಪತ್ರೆಯ ರೋಗಿಗಳನ್ನು ಎರಡು ವರ್ಷ ಹಿಂಬಾಲಿಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ದೇವರು ನನ್ನ ಕೈಬಿಟ್ಟನೇ ಎಂದು ಕೊರಗಿದವರಲ್ಲಿ, ದೇವರಿಗೆ ನನ್ನ ಮೇಲೆ ಪ್ರೀತಿ ಇದೆಯೇ ಎಂದು ಸಂಶಯಪಟ್ಟವರಲ್ಲಿ ಸಾವಿನ ಅಪಾಯ ಹೆಚ್ಚಿತ್ತು. ಇಂಥ ಒಂದೊಂದು ಭಾವಕ್ಕೂ ಶೇಕಡಾ 19ರಿಂದ 28ರಷ್ಟು. ಕಾಯಿಲೆಯ ತೀವ್ರತೆಯನ್ನೆಲ್ಲ ಲೆಕ್ಕಕ್ಕೆ ಹಿಡಿದ ಮೇಲೂ ಉಳಿದ ವ್ಯತ್ಯಾಸವಿದು. ಹಾಗಾದರೆ ದೇವರ ಜೊತೆ ಜಗಳ ಆರೋಗ್ಯಕ್ಕೆ ಹಾನಿಕರವೇ? ನೇರವಾಗಿ ನೋಡಿದರೆ ಹೌದೆನ್ನಿಸುತ್ತದೆ. ಆದರೆ ಆ ಪ್ರಶ್ನಾವಳಿ ಅಳೆದದ್ದು ಏನನ್ನು? ದೇವರು ನನ್ನನ್ನು ತೊರೆದನೆಂಬ ಒಳಗಿನ ಶಂಕೆಯನ್ನು. ಅದನ್ನು ಯಾರಿಗಾದರೂ ಹೇಳಿಕೊಂಡರೇ, ದೇವರ ಮುಖಕ್ಕೇ ಹಿಡಿದು ಕೇಳಿದರೇ, ಜೊತೆಗೆ ಅಳುವವರು ಇದ್ದರೇ ಎಂಬುದು ಅಲ್ಲಿಲ್ಲ. ವಾರ್ಡಿನ ಹಾಸಿಗೆಯಲ್ಲಿ ಗೋಡೆಯ ಕಡೆ ಮುಖ ಮಾಡಿ, ಇದನ್ನೆಲ್ಲ ಯೋಚಿಸುವುದೇ ಪಾಪವೆಂದು ಹೆದರಿಕೊಂಡು ಮಲಗಿದ ಮುದುಕಿಯ ಮನಸ್ಸು ನಂಬಿಯಣ್ಣನದಲ್ಲ. ಒಳಗೇ ಕೊಳೆಯುವ ಸಂಶಯ ಕೊಲ್ಲುತ್ತದೆ ಎಂದು ಆ ಅಂಕಿಗಳನ್ನು ಓದಿದರೆ, ದೂರಿಗೆ ಬಾಗಿಲು ತೆರೆದಿಡಬೇಕೆಂಬ ವಾದಕ್ಕೆ ಅವು ಅಡ್ಡಿಯಾಗುವ ಬದಲು ಬೆಂಬಲವೇ ಆಗುತ್ತವೆ. ಇದು ನನ್ನ ಓದು. ಅಧ್ಯಯನಕಾರರು ಇಷ್ಟು ದೂರ ಹೋಗಿಲ್ಲ. ಆದರೆ ಅದೇ ತಂಡದ ಮುಂದಿನ ಕೆಲಸದಲ್ಲಿ, ಬಂದುಹೋಗುವ ಸಂಘರ್ಷಕ್ಕಿಂತ ಹಾಗೇ ಬೇರುಬಿಟ್ಟ ಸಂಘರ್ಷವೇ ಹೆಚ್ಚು ಹಾನಿ ಮಾಡುತ್ತದೆಂಬ ಸೂಚನೆಯಿದೆ.

ಇನ್ನೊಂದು ಆಕ್ಷೇಪ ಹಳೆಯದು, ಆದರೆ ಹರಿತ ಕಳೆದುಕೊಂಡಿಲ್ಲ. ದೇವರಿಗೆ ದೂರು ಕೊಡುವವನು ತಹಶೀಲ್ದಾರರಿಗೆ ಕೊಡುವುದನ್ನು ಮರೆಯುತ್ತಾನೆ. ಗುರ್ಜಿ ಆಡಿ ಬಂದವನು ಕೆರೆಯ ಹೂಳು ಯಾಕೆ ತೆಗೆಸಿಲ್ಲವೆಂದು ಕೇಳುವುದಿಲ್ಲ. ಮಾರ್ಕ್ಸ್ 1844ರಲ್ಲಿ ಧರ್ಮವನ್ನು ಅಫೀಮಿಗೆ ಹೋಲಿಸಿದ ಬರಹದ ಸಾರ ಇದೇ ಎಂದು ಎಲ್ಲರೂ ಹೇಳುತ್ತಾರೆ. ಅದೇ ಪುಟದಲ್ಲಿ ಆತ ಧರ್ಮವನ್ನು ನೋವಿನ ವಿರುದ್ಧದ ಪ್ರತಿಭಟನೆಯೆಂದೂ ಕಂಡಿದ್ದನ್ನು ಭಕ್ತರೂ ನಾಸ್ತಿಕರೂ ಸಮನಾಗಿ ಮರೆತಿದ್ದಾರೆ. ನಂಬಿಕೆ ಮಂಪರು ತರುವುದಿಲ್ಲವೆಂದು ನಾನು ಹೇಳಲಾರೆ. ಹೋಮ, ಪರಿಹಾರ, ತಾಯಿತ ಎಂದು ನೊಂದವರ ಕಿಸೆ ಖಾಲಿ ಮಾಡುವ ದಂಧೆ ನಡೆಯುವುದೇ ಆ ಮಂಪರಿನ ಮೇಲೆ. ಆದರೆ ದೇವರ ಬಳಿ ತೋಡಿಕೊಂಡವರು ಲೋಕದ ಜೊತೆ ಹೋರಾಡುವುದಿಲ್ಲ ಎಂಬುದು ಚರಿತ್ರೆಗೆ ಒಪ್ಪುವ ಮಾತಲ್ಲ. ಅಮೆರಿಕದ ಮಾಂಟ್ಗೊಮರಿಯಲ್ಲಿ ಕರಿಯರು ಸಿಟಿ ಬಸ್ಸುಗಳನ್ನು ಬಹಿಷ್ಕರಿಸಿದ್ದು 1955ರ ಡಿಸೆಂಬರ್ 5ರಿಂದ. ಮರುತಿಂಗಳ ಕೊನೆಯ ಒಂದು ರಾತ್ರಿ 27 ವರ್ಷದ ಪಾದ್ರಿ ಮಾರ್ಟಿನ್ ಲೂಥರ್ ಕಿಂಗ್‌ಗೆ ಕೊಲೆ ಬೆದರಿಕೆಯ ಫೋನು ಬಂತು. ನಿದ್ದೆ ಹತ್ತದೆ ಅಡುಗೆಮನೆಗೆ ಹೋಗಿ ಕಾಫಿ ಕಾಯಿಸಿಕೊಂಡು, ಕುಡಿಯದೆ ಮುಂದಿಟ್ಟುಕೊಂಡು ಕೂತರು. ಮರ್ಯಾದೆ ಹೋಗದಂತೆ ಇದರಿಂದ ಕಳಚಿಕೊಳ್ಳುವುದು ಹೇಗೆ ಎಂಬುದೇ ಯೋಚನೆ. ನನಗೆ ಹೆದರಿಕೆಯಾಗಿದೆ, ನನ್ನ ಕಸುವು ಮುಗಿಯಿತು, ಒಬ್ಬನೇ ಇದನ್ನು ಎದುರಿಸಲಾರೆ ಎಂಬರ್ಥದಲ್ಲಿ ಆ ಮೇಜಿಗೆ ತಲೆ ಬಾಗಿಸಿ ಗಟ್ಟಿಯಾಗಿ ಪ್ರಾರ್ಥಿಸಿದ್ದನ್ನು ಅವರೇ 1958ರ ಪುಸ್ತಕದಲ್ಲಿ ಬರೆದಿದ್ದಾರೆ. ಅದು ವೀರನ ಪ್ರಾರ್ಥನೆಯಲ್ಲ, ಸೋತವನ ಅರ್ಜಿ. ದೇವರ ಸಾನ್ನಿಧ್ಯವನ್ನು ಹಿಂದೆಂದೂ ಇಲ್ಲದಷ್ಟು ಹತ್ತಿರದಲ್ಲಿ ಅನುಭವಿಸಿದ್ದು ಆಗಲೇ ಎನ್ನುತ್ತಾರೆ. ಕೆಲವೇ ದಿನಗಳಲ್ಲಿ, ಜನವರಿ 30ರಂದು, ಅವರ ಮನೆಗೆ ಬಾಂಬು ಬಿತ್ತು. ಒಳಗೆ ಹೆಂಡತಿ, ಕೂಸು ಇದ್ದರು, ಉಳಿದುಕೊಂಡರು. ಆಯುಧ ಹಿಡಿದು ಸೇರಿದ್ದ ಗುಂಪನ್ನು ಕಿಂಗ್ ಮನೆಯ ಮುಂಜಗಲಿಯಲ್ಲಿ ನಿಂತು ಸಮಾಧಾನಪಡಿಸಿ ಕಳಿಸಿದರು. ಬಹಿಷ್ಕಾರ ನಡೆದದ್ದು 381 ದಿನ. ಜನರನ್ನು ಕೆಲಸಕ್ಕೆ ಮುಟ್ಟಿಸಲು ಚರ್ಚುಗಳು ತಮ್ಮ ಹೆಸರಿನಲ್ಲೇ ದೊಡ್ಡ ಕಾರುಗಳನ್ನು ಕೊಂಡವು, ಜನ ಅವನ್ನು ಉರುಳುವ ಚರ್ಚುಗಳೆಂದು ಕರೆದರು. ವಾರವಾರದ ಸಭೆಗಳಲ್ಲಿ ಅಳುವೂ ಇತ್ತು, ಹಾಡೂ ಇತ್ತು, ಚಂದಾ ಎತ್ತುವುದೂ ಇತ್ತು. ಅದೇ ಹೊತ್ತಿಗೆ ಕೋರ್ಟಿನಲ್ಲಿ ಮೊಕದ್ದಮೆ ನಡೆದು 1956ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಬಸ್ಸಿನ ವರ್ಣಭೇದ ಸಂವಿಧಾನಬಾಹಿರವೆಂದಿತು. ಒಂದು ದೂರು ಇನ್ನೊಂದನ್ನು ನುಂಗಲಿಲ್ಲ. ದೇವರ ಮುಂದೆ ಬಾಯಿ ಬಿಡಲು ಅಭ್ಯಾಸವಾದವರಿಗೆ ನ್ಯಾಯಾಧೀಶರ ಮುಂದೆ ಬಾಯಿ ಬಿಡುವುದು ಹೊಸತೇನಾಗಿರಲಿಲ್ಲ.

ಹಾಗೆಂದು ದೂರಿದವರಿಗೆಲ್ಲ ಉತ್ತರ ಸಿಗುತ್ತದೆ, ಅಡುಗೆಮನೆಯ ಮೇಜಿಗೆ ದೇವರು ಬಂದೇ ಬರುತ್ತಾನೆ ಎಂದು ಮಾತು ಕೊಟ್ಟರೆ ನಾನೂ ಆ ವಾಟ್ಸಾಪಿನವರ ಸಾಲಿಗೆ ಸೇರಿದಂತೆ. ದೂರಿ, ಕಾದು, ಏನೂ ಕೇಳಿಸದೆ ನಂಬಿಕೆಯನ್ನೇ ಬಿಟ್ಟು ನಡೆದವರಿದ್ದಾರೆ. ಅವರ ದಾರಿ ಪ್ರಾಮಾಣಿಕವಾದದ್ದೇ. ಏನೂ ಕೇಳಿಸದಿದ್ದರೂ ನಂಬಿಕೆ ಬಿಡದೆ ಉಳಿದವರೂ ಇದ್ದಾರೆ. ಮದರ್ ತೆರೇಸಾ ಅವರ ಖಾಸಗಿ ಪತ್ರಗಳು 2007ರಲ್ಲಿ ಪುಸ್ತಕವಾದಾಗ ಲೋಕ ಬೆಚ್ಚಿತು. ಕಲ್ಕತ್ತೆಯ ಕೊಳೆಗೇರಿಗಳಲ್ಲಿ ಕೆಲಸ ಶುರುಮಾಡಿದ ಕಾಲದಿಂದ ಹೆಚ್ಚುಕಡಿಮೆ ಐದು ದಶಕ ಅವರ ಪ್ರಾರ್ಥನೆಯಲ್ಲಿ ಇದ್ದದ್ದು ಬರೀ ಕತ್ತಲು, ಶೂನ್ಯ. ತಾನು ಅನುಭವಿಸದ ದೇವರ ಬಗ್ಗೆ ಇತರರಿಗೆ ಹೇಳುತ್ತಿದ್ದೇನೆಂಬ ಸಂಕಟ ಆ ಪತ್ರಗಳ ತುಂಬ ಇದೆ. ಪಾಪನಿವೇದನೆ ಕೇಳುವ ಪಾದ್ರಿಯ ಸಲಹೆಯ ಮೇರೆಗೆ ನೇರವಾಗಿ ಯೇಸುವಿಗೇ ಬರೆದ ಪತ್ರವೂ ಇದೆ. ನಾಸ್ತಿಕರು ಇದನ್ನು ಆತ್ಮವಂಚನೆ ಎಂದರು, ಕೆಲವು ಭಕ್ತರು ಮುಜುಗರಪಟ್ಟರು. ಇಬ್ಬರೂ ಆಕೆ 1961ರ ಹೊತ್ತಿಗೆ ಜೋಸೆಫ್ ನ್ಯೂನರ್ ಎಂಬ ಜೆಸ್ಯೂಟ್ ಪಾದ್ರಿಯ ಬಳಿ ಎಲ್ಲವನ್ನೂ ಬಿಚ್ಚಿಟ್ಟ ಮೇಲೆ ಆದ ಬದಲಾವಣೆಯನ್ನು ಗಮನಿಸಲಿಲ್ಲ. ಇದಕ್ಕೆ ಮನುಷ್ಯರ ಬಳಿ ಮದ್ದಿಲ್ಲ, ಇದು ನಿಮ್ಮ ತಪ್ಪೂ ಅಲ್ಲ ಎಂಬ ಧಾಟಿಯಲ್ಲಿ ನ್ಯೂನರ್ ಹೇಳಿದರು. ಆ ಬಾಯಾರಿಕೆಯೇ ದೇವರಿರುವುದಕ್ಕೆ ಗುರುತು ಎಂದೂ ಹೇಳಿದರು. ಕತ್ತಲು ಹೋಗಲಿಲ್ಲ. ಆದರೆ ಅದರ ಜೊತೆ ಬಾಳಲು ಆಕೆಗೆ ಸಾಧ್ಯವಾಯಿತು, ಆ ಕತ್ತಲನ್ನೇ ಪ್ರೀತಿಸಲು ಕಲಿತೆನೆಂದು ಬರೆದರು. ಯೋಬನಿಗೂ ಕೊನೆಯಲ್ಲಿ ಕುರಿ ಒಂಟೆಗಳು ಎರಡರಷ್ಟಾದವು, ಹೊಸದಾಗಿ ಹತ್ತು ಮಕ್ಕಳೂ ಹುಟ್ಟಿದರು. ಸತ್ತ ಹತ್ತು ಮಕ್ಕಳು ಮರಳಿದರೆಂದು ಮಾತ್ರ ಆ ಕವಿ ಬರೆಯುವುದಿಲ್ಲ. ಮರುಹುಟ್ಟೆಂದರೆ ಹೋದದ್ದೆಲ್ಲ ಬಡ್ಡಿಸಮೇತ ಬರುವುದು ಎಂದುಕೊಂಡವರಿಗೆ ಈ ಎರಡೂ ಬದುಕು ಲುಕ್ಸಾನಿನಂತೆ ಕಾಣುತ್ತವೆ. ಆ ಪತ್ರಗಳನ್ನು ನಾಶಮಾಡಿ ಎಂದು ಮದರ್ ಕೇಳಿಕೊಂಡಿದ್ದರು, ಪಾದ್ರಿಗಳು ಮಾಡಲಿಲ್ಲ. ಸಂತಪದವಿಯ ವಿಚಾರಣೆಗಾಗಿ ಅವನ್ನೆಲ್ಲ ಕಲೆಹಾಕಿದ ಚರ್ಚು 2016ರಲ್ಲಿ ಅವರನ್ನು ಸಂತರೆಂದು ಘೋಷಿಸಿತು. ಐದು ದಶಕದ ದೂರು ಅದಕ್ಕೆ ಅಡ್ಡಿಯೆಂದು ಚರ್ಚಿಗೆ ತೋರಲಿಲ್ಲ.